ರೋಹಿಣಿಗೆ ಮೊದಲು



ಈ ದತ್ತಿ ಉಪನ್ಯಾಸ ಒಬ್ಬ ತಾಯಿಯ ಹೆಸರಿನಲ್ಲಿದೆ. ಆ ತಾಯಿ ಹೊಲ ಮಾಡಿದವರು. ನನ್ನನ್ನು ಕರೆಯಲು ಬಂದ ಅವರ ಮಗ ಒಂದೇ ಮಾತು ಹೇಳಿದರು: "ಬೆಳಿ ಬಂದದ್ದು, ಬೆಳಿ ಹೋದದ್ದು ಎಲ್ಲಾರೂ ಮಾತಾಡ್ತಾರ್ರಿ. ನೀವು ಬ್ಯಾರೆ ಏನರ ಮಾತಾಡ್ರಿ." ಹಾಗಾಗಿ ಇವತ್ತು ಹೊಲದಲ್ಲಿ ಏನೂ ಇಲ್ಲದ ದಿನಗಳ ಬಗ್ಗೆ ಮಾತಾಡಬೇಕು ಅಂದುಕೊಂಡಿದ್ದೇನೆ. ಯುಗಾದಿ ಮುಗಿದು ರೋಹಿಣಿ ಮಳೆ ಕೂಡುವ ತನಕದ ಎರಡು ತಿಂಗಳು.

ಬೆಳೆ ಸಮೀಕ್ಷೆಯವರು ಮುಂಗಾರು, ಹಿಂಗಾರು, ಬೇಸಿಗೆ ಎಂದು ಹಂಗಾಮುಗಳನ್ನು ಬರೆದುಕೊಳ್ಳುತ್ತಾರೆ. ನೀರಾವರಿ ಇಲ್ಲದ ಹೊಲಕ್ಕೆ ಚೈತ್ರ, ವೈಶಾಖದಲ್ಲಿ ಬರೆಯುವುದಕ್ಕೆ ಏನೂ ಇರುವುದಿಲ್ಲ. ಕಚೇರಿಗಳು ಕೂಡ ನಮ್ಮ ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಆ ಹೊತ್ತಿಗೆ ನಮ್ಮೂರಿನಲ್ಲಿ ಅರ್ಧ ದಿನದ ಕೆಲಸ ಮುಗಿದು ಎತ್ತು ಬೇವಿನ ನೆರಳು ಸೇರಿ ಮೂರು ತಾಸಾಗಿರುತ್ತಿತ್ತು. ನಸುಕಿನ ನಾಲ್ಕಕ್ಕೆ ಎದ್ದು, ಚುಕ್ಕಿ ಇರುವಾಗಲೇ ಗಳೆ ಹೂಡಿ, ಹತ್ತು ಗಂಟೆಗೆ ಕೊರಳು ಬಿಡುವುದು ವಾಡಿಕೆ. ಬಿಸಿಲು ನಲವತ್ತು ದಾಟುವ ನಾಡಿನಲ್ಲಿ ಎತ್ತಿಗೂ ಆಳಿಗೂ ಅದೇ ವೇಳಾಪಟ್ಟಿ.

ಮಸ್ಕಿಯಿಂದ ಲಿಂಗಸುಗೂರಿನ ಕಡೆ ಹೊರಟರೆ ಎಡಬಲಕ್ಕೆ ಎರಡು ಬಗೆಯ ನೆಲ ಸಿಗುತ್ತದೆ. ಎರೆ ಮತ್ತು ಮಸಾರಿ. ಏಪ್ರಿಲ್‌ನಲ್ಲಿ ಎರೆ ಹೊಲದ ಬಿರುಕಿನಲ್ಲಿ ಬಾರುಕೋಲು ಇಳಿಬಿಟ್ಟರೆ ಸೀದಾ ಒಳಗೆ ಹೋಗುತ್ತದೆ. ಹುಡುಗರಾಗಿದ್ದಾಗ ಅದರಲ್ಲಿ ಗೋಲಿ ಹಾಕಿ ಕಳೆದುಕೊಂಡು ಬೈಸಿಕೊಂಡಿದ್ದೇವೆ. ಎರೆಯನ್ನು ಮುಂಗಾರಿಗೆ ಬಿತ್ತದೆ ಮಳೆಗಾಲವೆಲ್ಲ ಹರಗಿ ಹರಗಿ ಹಸನು ಮಾಡಿ, ಹಿಂಗಾರಿಗೆ ಬಿಳಿ ಜೋಳ, ಕಡಲೆ ಬಿತ್ತುವುದು ಹಳೆಯ ಪದ್ಧತಿ. ಮಸಾರಿಗೆ ಅಷ್ಟು ತಾಳ್ಮೆ ಇಲ್ಲ. ಅದು ನೀರು ಹಿಡಿದಿಟ್ಟುಕೊಳ್ಳುವುದಿಲ್ಲ. ಮಳೆ ಬಿದ್ದ ಎರಡು ಮೂರು ದಿನದೊಳಗೆ ಸಜ್ಜೆ, ತೊಗರಿ, ಹೆಸರು, ಎಳ್ಳು ನೆಲ ಸೇರಬೇಕು. ಈ ಎರಡು ಮೂರು ದಿನಕ್ಕಾಗಿಯೇ ಎರಡು ತಿಂಗಳ ತಯಾರಿ.

ತಯಾರಿ ಶುರುವಾಗುವುದು ತಿಪ್ಪೆಯಿಂದ. ವರ್ಷವಿಡೀ ಸೆಗಣಿ, ಕಸ, ಬೂದಿ, ದನ ತಿಂದುಬಿಟ್ಟ ಸೊಪ್ಪೆ ಬಿದ್ದು ಬೆಳೆದ ತಿಪ್ಪೆಗೆ ಯುಗಾದಿ ಆದ ಮೇಲೆ ಗುದ್ದಲಿ ಬೀಳುತ್ತದೆ. ಮೇಲಿನ ಪದರ ಒಣಗಿ ಹಗುರ. ಮೊಳಕೈ ಆಳಕ್ಕೆ ಹೋದರೆ ಕರ್ರಗೆ, ಬೆಚ್ಚಗೆ, ಹಿಡಿಯಲ್ಲಿ ಹಿಡಿದರೆ ಪುಡಿಯಾಗುತ್ತದೆ, ನಾರುವುದಿಲ್ಲ. ನಾರಿದರೆ ಅದು ಇನ್ನೂ ಗೊಬ್ಬರವಾಗಿಲ್ಲ, ಹೊಲಕ್ಕೆ ಹಾಕಿದರೆ ಗೆದ್ದಲು. ಬಂಡಿಗೆ ಜಲ್ಲೆ ಕಟ್ಟಿ ಹೇರಿ, ಹೊಲದಲ್ಲಿ ಸಾಲಾಗಿ ಗುಪ್ಪೆ ಹಾಕುವರು. ಗುಪ್ಪೆ ಹಾಕಿ ಬಿಡುವುದು, ಹರಡುವುದು ಮಾತ್ರ ಮಳೆಯ ಮೋಡ ಕಂಡ ಮೇಲೆ. ಮೊದಲೇ ಹರಡಿದರೆ ವೈಶಾಖದ ಸುಳಿಗಾಳಿ ನಿಮ್ಮ ಗೊಬ್ಬರವನ್ನು ಪಕ್ಕದವನ ಹೊಲಕ್ಕೆ ಪುಕ್ಕಟೆ ಮುಟ್ಟಿಸುತ್ತದೆ.

ಈ ತಿಪ್ಪೆ ಸಣ್ಣ ಮಾತಲ್ಲ. ಕೃಷ್ಣಾ, ತುಂಗಭದ್ರೆಯರ ನಡುವಿನ ನಮ್ಮ ಈ ದೋಆಬಿನಲ್ಲಿ ಬೂದಿದಿಬ್ಬಗಳಿವೆ. ನಾಲ್ಕೈದು ಸಾವಿರ ವರ್ಷಗಳ ಹಿಂದೆ ಇಲ್ಲಿ ದನ ಕಾಯುತ್ತಿದ್ದವರು ಸೆಗಣಿ ಒಟ್ಟಿ, ಮತ್ತೆ ಮತ್ತೆ ಸುಟ್ಟು, ಅದು ಕಲ್ಲಿನಂತೆ ಗಟ್ಟಿಯಾಗಿ ಉಳಿದದ್ದು. ಮುದಗಲ್ಲಿನ ಹತ್ತಿರದ ಪಿಕ್ಳಿಹಾಳದಲ್ಲಿ ಅಗೆದ ಪುರಾತತ್ವಜ್ಞ ಆಲ್ಚಿನ್ ಅವರು 1963ರಲ್ಲಿ ಈ ದನಗಾಹಿಗಳ ಮೇಲೆ ಪುಸ್ತಕವನ್ನೇ ಬರೆದರು. ದನಗಾಹಿಗಳು ಸೆಗಣಿಯನ್ನು ಯಾಕೆ ಸುಟ್ಟರು ಎಂಬ ಬಗ್ಗೆ ವಿದ್ವಾಂಸರು ಇನ್ನೂ ಜಗಳಾಡುತ್ತಿದ್ದಾರೆ. ಹಬ್ಬವಿರಬಹುದು, ದನದ ರೋಗವಿರಬಹುದು. ಮಸ್ಕಿ ಅಂದರೆ ನಾವು 1915ರಲ್ಲಿ ಸಿಕ್ಕ ಶಾಸನವನ್ನು, ಅದರಲ್ಲಿ ಅಶೋಕನ ಹೆಸರು ಇರುವುದನ್ನು ನೆನೆಯುತ್ತೇವೆ. ಸರಿ, ನೆನೆಯಬೇಕು. ಆದರೆ ರಾಜನ ಹೆಸರಿಗಿಂತ ಒಂದು ಸಾವಿರ ವರ್ಷಕ್ಕೂ ಹಿಂದೆ ಇಲ್ಲಿ ಸೆಗಣಿಯ ಲೆಕ್ಕ ಇಟ್ಟವರಿದ್ದರು ಎಂಬುದು ನನಗೆ ಅದಕ್ಕಿಂತ ಹತ್ತಿರದ ಸಂಗತಿ.

ಸ್ವಂತ ತಿಪ್ಪೆ ಸಾಲದವರು ಕುರಿ ನಿಲ್ಲಿಸುತ್ತಾರೆ. ಕುರುಬರು ಹಿಂಡು ತಂದು ರಾತ್ರಿ ಹೊಲದಲ್ಲಿ ತರುಬುತ್ತಾರೆ. ಇಷ್ಟು ರಾತ್ರಿಗೆ ಇಷ್ಟು ಜೋಳ, ಈಗ ಇಷ್ಟು ರೊಕ್ಕ. ದಿನಕ್ಕೊಂದು ಕಡೆ ಬಲೆ ಸರಿಸುತ್ತಾ ಹೋದರೆ ಹೊಲ ಪೂರ್ತಿ ಹಿಕ್ಕೆ, ಉಚ್ಚೆ ಬಿದ್ದು ಎರಡು ವರ್ಷ ಅದರ ಗುಣ ತೋರುತ್ತದೆ.

ಇಲ್ಲಿ ಸ್ವಲ್ಪ ದೂರ ಹೋಗಿ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆಫ್ರಿಕದ ನೈಜರ್, ಮಾಲಿ, ಬುರ್ಕಿನಾ ಫಾಸೊ ದೇಶಗಳಲ್ಲೂ ಮಳೆ ಜೂನ್ ಸುಮಾರಿಗೇ ಕೂಡುವುದು. ಅಲ್ಲಿಯ ಸಜ್ಜೆ ಬೆಳೆಯುವ ರೈತರು ಮಳೆಗೆ ಮೊದಲು ಫುಲಾನಿ ದನಗಾಹಿಗಳನ್ನು ಕರೆದು ರಾತ್ರಿ ದನ ಕೂಡಿಸಿಕೊಳ್ಳುತ್ತಾರೆ. ಇದೇ ಕರಾರು, ಇದೇ ಲೆಕ್ಕ. ಬುರ್ಕಿನಾ ಫಾಸೊದಲ್ಲಿ ಯಾಕುಬಾ ಸವಾಡೊಗೊ ಎಂಬ ರೈತರಿದ್ದರು, 2023ರಲ್ಲಿ ತೀರಿಕೊಂಡರು. ಕಲ್ಲಿನಂತೆ ಗಟ್ಟಿಯಾದ ನೆಲದಲ್ಲಿ ಬೇಸಿಗೆಯಲ್ಲೇ ಸಣ್ಣ ಸಣ್ಣ ಗುಂಡಿ ತೋಡಿ, ಅದಕ್ಕೆ ಗೊಬ್ಬರ ತುಂಬಿ ಮಳೆಗೆ ಕಾಯುವ ಹಳೆಯ ಪದ್ಧತಿಯೊಂದನ್ನು ಅವರು ತಿದ್ದಿ ಬಳಸಿದರು. ಉರಿಬಿಸಿಲಲ್ಲಿ ಗುಂಡಿ ತೋಡುವ ಇವನಿಗೆ ಹುಚ್ಚು ಎಂದು ಊರವರು ನಕ್ಕರಂತೆ. ಆಮೇಲೆ ಬೆಳೆಯೂ ಬಂತು, ಕಾಡೂ ಎದ್ದಿತು, 2018ರಲ್ಲಿ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ಬಂತು.

ಆ ನೆಲ ನಮಗೆ ಪರಕೀಯವೂ ಅಲ್ಲ. ನಮ್ಮ ತಾಟಿನಲ್ಲಿ ಇರುವ ಎಷ್ಟೋ ಬೆಳೆ ಆಫ್ರಿಕದಿಂದ ಬಂದದ್ದೇ. ಜೋಳದ ತವರು ಸುಡಾನಿನ ಪೂರ್ವ ಭಾಗ. ಸಜ್ಜೆಯ ತವರು ಮಾಲಿ ದೇಶದ ಸಹಾರಾ ಅಂಚು. ಅಲಸಂದಿ, ಪುಂಡಿ, ಹುಣಸೆ, ಎಲ್ಲವೂ ಆಫ್ರಿಕದ ಮೂಲದವು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಸುಮಾರು ಮೂರೂವರೆ ಸಾವಿರ ವರ್ಷದ ಹಿಂದಿನ ಸಜ್ಜೆ ಕಾಳು ಸಿಕ್ಕಿದೆ. ಜೋಳದ ರೊಟ್ಟಿ, ಪುಂಡಿಪಲ್ಲೆ ನಮ್ಮ ಅಪ್ಪಟ ಊಟ ಎಂದು ಎದೆ ತಟ್ಟಿಕೊಳ್ಳುವಾಗ ಈ ಬಳಗವನ್ನೂ ಒಮ್ಮೆ ನೆನೆದರೆ ತಪ್ಪೇನಿಲ್ಲ.

ಊರಿಗೆ ಮರಳೋಣ. ಮಳೆಗೆ ಮೊದಲಿನ ಕೆಲಸ ಅರ್ಧ ಹೊಲದ್ದು, ಅರ್ಧ ಮನೆಯದು. ನಮ್ಮದು ಮಾಳಿಗೆ ಮನೆ. ತೊಲೆ, ಜಂತೆ, ಮೇಲೆ ಬಳ್ಳಾರಿ ಜಾಲಿಯ ಕಟ್ಟಿಗೆಯೋ ಬೇವಿನ ತಪ್ಪಲೋ ಹಾಸಿ, ಅದರ ಮೇಲೆ ಮಣ್ಣು. ಈ ಮಣ್ಣು ಯಾವುದೋ ಮಣ್ಣಲ್ಲ, ಕರಲು ಮಣ್ಣು. ಕೆಲವು ಊರಲ್ಲಿ ಸವುಳು ಅನ್ನುತ್ತಾರೆ. ಹಳ್ಳದ ದಂಡೆಯಲ್ಲಿ ಬೆಳ್ಳಗೆ ಉಪ್ಪು ಉಬ್ಬಿದ ಕಡೆ ಕೆರೆದು ತರುವುದು. ನೀರು ಬಿದ್ದೊಡನೆ ಅದರ ಕಣ ಬಿಚ್ಚಿಕೊಂಡು ಸಂದುಗೊಂದು ಮುಚ್ಚಿ ಹರಳುಗಟ್ಟಿದಂತೆ ಕೂತುಬಿಡುತ್ತದೆ. ನೀರು ಒಳಗೆ ಇಳಿಯುವುದಿಲ್ಲ, ದೋಣಿಯ ಬಾಯಿಂದ ಹೊರಗೆ ಬೀಳುತ್ತದೆ. ಅವ್ವ ಮಾಳಿಗೆ ಹತ್ತಿ ಬರಿಗಾಲಲ್ಲಿ ನಡೆದು ನೋಡುತ್ತಿದ್ದಳು. ಎಲ್ಲಿ ಹೆಜ್ಜೆಯ ಸದ್ದು ಬೇರೆ ಬರುತ್ತದೋ ಅಲ್ಲಿ ಒಂದು ಬುಟ್ಟಿ ಹೆಚ್ಚು ಮಣ್ಣು. ಒಮ್ಮೆ ನಾನು ಸೋಮಾರಿತನಕ್ಕೆ ಬದಿಯ ಬದುವಿನ ಮಸಾರಿ ಮಣ್ಣನ್ನೇ ತಂದು ಸುರಿದೆ. ಆ ವರ್ಷ ಪುನರ್ವಸು ಮಳೆಗೆ ಅಡಿಗೆ ಮನೆಯಲ್ಲಿ ನಾಲ್ಕು ಕಡೆ ಬೋಗುಣಿ ಇಟ್ಟೆವು. ಹನಿ ಬೀಳುವ ಟಪ್ ಟಪ್ ಸದ್ದಿಗೆ ತಾತ ಎದ್ದು ಕೂತು, "ನಿನ್ನ ಮಣ್ಣು ಮಾತಾಡಾಕ ಹತ್ತೈತಿ ಕೇಳಲೇ" ಅಂದರು.

ಇದೇ ಸವುಳು ಸಿಂಧನೂರಿನ ಕಡೆ ಹೋದರೆ ವೈರಿ. ಕಾಲುವೆ ನೀರು ನಿಂತೂ ನಿಂತೂ, ಬಸಿದು ಹೋಗಲು ದಾರಿಯಿಲ್ಲದೆ, ಒಳಗಿನ ಉಪ್ಪು ಮೇಲೆದ್ದು ಎಷ್ಟೋ ಹೊಲಗಳು ಸವುಳಾಗಿವೆ. ಮಾಳಿಗೆ ಕಾದ ಮಣ್ಣು ಅಲ್ಲಿ ಭತ್ತದ ಬೇರು ಸುಡುತ್ತದೆ.

ಇನ್ನು ಬಡಿಗರ, ಕಮ್ಮಾರರ ಕಟ್ಟೆ. ಆಯದ ಕಾಲದಲ್ಲಿ ಈ ಎರಡು ತಿಂಗಳು ಅವರ ಮನೆ ಮುಂದೆ ಜಾತ್ರೆ. ಕುಂಟೆಯ ಕುಡ ಹಣಿಸಬೇಕು, ಕೂರಿಗೆಯ ತಾಳು ಬಿಗಿ ಮಾಡಿಸಬೇಕು, ನೊಗ ಸೀಳಿದ್ದರೆ ಪಟ್ಟಿ ಹೊಡೆಸಬೇಕು. ರೊಕ್ಕದ ಮಾತಿಲ್ಲ, ಸುಗ್ಗಿಯಲ್ಲಿ ಕಣಕ್ಕೆ ಬಂದು ಕಾಳು ಅಳೆಸಿಕೊಳ್ಳುವುದು. ಸೊಗಸಾದ ವ್ಯವಸ್ಥೆ ಎಂದು ಹಾಡಿ ಹೊಗಳುವವರಿದ್ದಾರೆ, ನಾನು ಅಷ್ಟು ಹೊಗಳಲಾರೆ. ಬೆಳೆ ಬಂದ ವರ್ಷ ಸರಿ, ಬಾರದ ವರ್ಷ ಕಣದಲ್ಲಿ ಮೊದಲು ಕೈಬಿಡುತ್ತಿದ್ದದ್ದು ಆಯಗಾರರನ್ನೇ. ಹಗ್ಗ ಮಾತ್ರ ನಮ್ಮ ಮನೆಯಲ್ಲೇ. ಪುಂಡಿ ನಾರನ್ನು ನೆನೆಹಾಕಿ, ತೊಡೆಯ ಮೇಲೆ ಹೊಸೆದು ಮಿಣಿ, ಮೂಗುದಾಣ ಮಾಡುತ್ತಿದ್ದರು ತಾತ. ಈಗ ನೈಲಾನ್ ಹಗ್ಗ. ಗಟ್ಟಿ ಹೌದು, ಎತ್ತಿನ ಮೂಗು ಕೊರೆಯುವುದೂ ಹೌದು.

ಹೆಣ್ಣುಮಕ್ಕಳ ಕೆಲಸವನ್ನು ಯಾರೂ ಬೇಸಾಯದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕುಳ್ಳು ಬಡಿದು ಒಣಗಿಸಿ ಬಣವೆ ಒಟ್ಟಿ, ಮೇಲೆ ಸೆಗಣಿ ಮೆತ್ತಿ ಮಳೆ ತಾಗದಂತೆ ಮಾಡಬೇಕು. ಹತ್ತಿಕಟಗಿ, ತೊಗರಿಕಟಗಿ ಹೊರೆ ಹೊತ್ತು ತರಬೇಕು. ಶಾವಿಗೆ, ಸಂಡಿಗೆ, ಖಾರದ ಪುಡಿ, ಗುರೆಳ್ಳು ಚಟ್ನಿ. ಬಿತ್ತನೆ ಶುರುವಾದ ಮೇಲೆ ಹದಿನೈದು ದಿನ ಯಾರಿಗೂ ಅಡಿಗೆಯ ಕಡೆ ಗಮನ ಇರುವುದಿಲ್ಲ, ಆಗ ರೊಟ್ಟಿಗೆ ಹಚ್ಚಿಕೊಳ್ಳಲು ಇದೇ ಗತಿ. ಮತ್ತೆ ಬೀಜ. ಉಣ್ಣುವ ಕಾಳು ಇದ್ದದ್ದು ನೆಲದಡಿಯ ಹಗೇವಿನಲ್ಲಿ. ಹಗೇವು ತೆರೆದ ದಿನ ಯಾರೂ ಇಳಿಯುವಂತಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಮರುದಿನ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುವುದು. ದೀಪ ಆರಿದರೆ ಇನ್ನೊಂದು ದಿನ ಕಾಯಬೇಕು. ಬೀಜವನ್ನು ಹಗೇವಿಗೆ ಹಾಕುತ್ತಿರಲಿಲ್ಲ, ಆ ಕಾವಿಗೆ ಮೊಳಕೆಯ ಶಕ್ತಿ ಹೋಗುತ್ತದೆ. ಬೂದಿ, ಬೇವಿನ ತಪ್ಪಲು ಬೆರೆಸಿ ಗಡಿಗೆಯಲ್ಲಿ ತುಂಬಿ ಬಾಯಿಗೆ ಸೆಗಣಿ ಮೆತ್ತುತ್ತಿದ್ದರು. ಬಸವ ಜಯಂತಿಯ ಹೊತ್ತಿಗೆ ಅವ್ವ ಆ ಗಡಿಗೆಯಿಂದ ನೂರು ಕಾಳು ಎಣಿಸಿ ತೆಗೆದು, ಹಸಿ ಗೋಣಿತಟ್ಟಿನಲ್ಲಿ ಸುತ್ತಿ ನೀರಿನ ಹರವಿಯ ಬುಡಕ್ಕೆ ಇಡುತ್ತಿದ್ದಳು. ನಾಲ್ಕನೆಯ ದಿನ ಬಿಚ್ಚಿ ಎಣಿಸುವುದು. ಎಂಬತ್ತಕ್ಕೆ ಮೇಲಾದರೆ ಆ ಬೀಜ ಕೂರಿಗೆಗೆ, ಕಡಿಮೆಯಾದರೆ ಬೀಸುಕಲ್ಲಿಗೆ. ಅವಳಿಗೆ ಓದು ಬರೆಹ ಇರಲಿಲ್ಲ. ಶೇಕಡಾ ಎಂಬ ಮಾತು ಕೇಳಿರಲಿಲ್ಲ.

ಬೀಜ ಅಂಗಡಿಯ ಪಾಕೀಟಿಗೆ ಬಂದ ಮೇಲೂ ಅವಳು ಇದನ್ನು ಬಿಡಲಿಲ್ಲ. ಅದಕ್ಕೆ ಕಾರಣವಿತ್ತು. ಬಿಟಿ ಹತ್ತಿಗೆ 2002ರಲ್ಲಿ ಒಪ್ಪಿಗೆ ಸಿಕ್ಕು ನಮ್ಮ ಕಡೆ ಎಲ್ಲ ಹತ್ತಿಯ ಹಿಂದೆ ಬಿದ್ದರು. ಒಂದು ವರ್ಷ ನಾವು ತಂದ ಪಾಕೀಟುಗಳಲ್ಲಿ ಅರ್ಧಕ್ಕರ್ಧ ಹುಟ್ಟಲೇ ಇಲ್ಲ. ಅಂಗಡಿಯವರು "ನಿಮ್ಮ ಹೊಲಕ್ಕ ತೇವ ಸಾಲಲಿಲ್ಲ" ಅಂದರು. ಅದೇ ಹೊಲ, ಅದೇ ತೇವ, ಬದಿಯ ಸಾಲಿನಲ್ಲಿ ನಮ್ಮ ಗಡಿಗೆಯ ತೊಗರಿ ಗೇಣುದ್ದ ನಿಂತಿತ್ತು. ಮುಂದಿನ ವರ್ಷದಿಂದ ಅವ್ವ ಪಾಕೀಟು ಒಡೆಸಿ ಇಪ್ಪತ್ತು ಕಾಳಾದರೂ ಗೋಣಿತಟ್ಟಿಗೆ ಹಾಕದೆ ಬಿಡುತ್ತಿರಲಿಲ್ಲ. ನೂರು ಹಾಕಲು ಮನಸ್ಸು ಬರುತ್ತಿರಲಿಲ್ಲ. ಪಾಕೀಟಿನ ಬೆಲೆ ಹಾಗಿದೆ. 2025-26ಕ್ಕೆ ಕೇಂದ್ರ ಸರ್ಕಾರ ಕಟ್ಟಿದ ಗರಿಷ್ಠ ದರ 475 ಗ್ರಾಮಿಗೆ 901 ರೂಪಾಯಿ.

ಇಲ್ಲಿಯವರೆಗೆ ಹೇಳಿದ್ದು ಆಕಾಶ ನೋಡುವವರ ಮಾತು. ವರ್ಷಕ್ಕೆ ಸರಾಸರಿ 600 ಮಿ.ಮೀ. ಆಸುಪಾಸು ಮಳೆಯ ಸೀಮೆ ಇದು. ಆದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರು ತಾಲೂಕು ಒಂದೇ ಮಳೆಗೆ ಕಾಯುತ್ತಿಲ್ಲ. ನನಗೆ ಇವತ್ತು ಮುಖ್ಯವಾಗಿ ಹೇಳಬೇಕಾಗಿರುವುದು ಇದೇ.

ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ, 1953ರಲ್ಲಿ ನೀರು ನಿಂತಿತು. 227 ಕಿಲೋಮೀಟರಿನ ಎಡದಂಡೆ ಕಾಲುವೆ ಸಿಂಧನೂರನ್ನು ಭತ್ತದ ಕಣಜ ಮಾಡಿತು. ಕರಾವಳಿ ಆಂಧ್ರದಿಂದ ಬಂದ ರೈತರು ಕ್ಯಾಂಪು ಕಟ್ಟಿದರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಆರ್.ಎಚ್. ಕ್ಯಾಂಪುಗಳಲ್ಲಿ ನೆಲ ಸಿಕ್ಕಿತು. ಅಲ್ಲಿಯ ಮೇ ತಿಂಗಳು ನೋಡಿ. ಕಾಲುವೆ ಒಣಗಿದೆ. ತಳದಲ್ಲಿ ಒಣ ಕೆಸರು ಹಪ್ಪಳದಂತೆ ಮಡಚಿ ಎದ್ದಿದೆ, ಉಪಕಾಲುವೆಯೊಳಗೆ ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ಬೇಸಿಗೆ ಭತ್ತ ಕೊಯ್ದು ಮೆಷಿನ್ನು ಹೋದ ಮೇಲೆ ಹುಲ್ಲಿಗೆ ಬೆಂಕಿ ಇಟ್ಟು ಸಂಜೆ ಹೊತ್ತಿಗೆ ಊರೆಲ್ಲ ಹೊಗೆ. ಅಲ್ಲಿಯ ರೈತ ತಲೆ ಮೇಲಿನ ಮೋಡವನ್ನು ಅಷ್ಟಾಗಿ ನೋಡುವುದಿಲ್ಲ. ಅವನು ಮೊಬೈಲಿನಲ್ಲಿ ನೋಡುವುದು ಆಗುಂಬೆಯಲ್ಲಿ ಎಷ್ಟು ಮಳೆ, ಮುನಿರಾಬಾದಿನ ಅಣೆಕಟ್ಟಿಗೆ ಒಳಹರಿವು ಎಷ್ಟು ಕ್ಯೂಸೆಕ್. ಅವನ ಮಳೆ ಮಲೆನಾಡಿನಲ್ಲಿ ಬೀಳಬೇಕು. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಅಣೆಕಟ್ಟು ಹೂಳು ತುಂಬಿ 105ಕ್ಕೆ ಇಳಿದಿದೆ. 2024ರ ಆಗಸ್ಟಿನಲ್ಲಿ 33 ಗೇಟುಗಳ ಪೈಕಿ ಹತ್ತೊಂಬತ್ತನೆಯದರ ಚೈನು ಕಿತ್ತು ತುಂಬಿದ ನೀರು ಹೊಳೆ ಪಾಲಾಯಿತಲ್ಲ, ಆ ರಾತ್ರಿ ಸಿಂಧನೂರಿನ ಕ್ಯಾಂಪುಗಳಲ್ಲಿ ಯಾರೂ ಮಲಗಲಿಲ್ಲ ಎಂದು ಅಲ್ಲಿಯ ಗೆಳೆಯರು ಹೇಳಿದರು. ನಮ್ಮೂರಿನಲ್ಲಿ ನಾವು ಹಾಯಾಗಿ ಮಲಗಿದ್ದೆವು. ಇಪ್ಪತ್ತು ಮೂವತ್ತು ಮೈಲಿ ಅಂತರ ಅಷ್ಟೇ.

ಲಿಂಗಸುಗೂರಿನ ಕೆಲವು ಊರುಗಳ ಕಣ್ಣು ಕೃಷ್ಣೆಯ ಮೇಲೆ, ನಾರಾಯಣಪುರದ ಬಲದಂಡೆಯ ಮೇಲೆ. ಅಂದರೆ ಮಹಾರಾಷ್ಟ್ರದ ಘಟ್ಟದ ಮಳೆಯ ಮೇಲೆ. ಲಿಂಗಸುಗೂರು, ಸಿಂಧನೂರು, ಮಾನ್ವಿಯ ಊರುಗಳನ್ನು ಕೂಡಿಸಿ ಮೊನ್ನೆ ಮೊನ್ನೆ ತಾಲೂಕಾದ ಮಸ್ಕಿಯಲ್ಲಿ ಒಣ ಊರುಗಳೇ ಬಹಳ. ಅಲ್ಲಿಯವರು ಅದೇ ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು 2020ರಲ್ಲಿ ಪಾಮನಕಲ್ಲೂರಿನಲ್ಲಿ ಕೂತ ಧರಣಿ ತಿಂಗಳುಗಟ್ಟಲೆ ನಡೆಯಿತು, 2021ರ ಉಪಚುನಾವಣೆಯ ದೊಡ್ಡ ಮಾತೇ ಅದಾಯಿತು. ನೀರು ಬಂದರೆ ಸವುಳೂ ಬರುತ್ತದೆ ಎಂದು ಸಿಂಧನೂರಿನವರು ಹೇಳಬಹುದು. ಬಾಯಾರಿದವನಿಗೆ ನೀರಿನ ದೋಷ ಹೇಳುವುದು ಸುಲಭ.

ಬಸವಣ್ಣನ ಗುಡಿ ಕಟ್ಟೆಯಲ್ಲಿ ಭರಣಿ, ಕೃತ್ತಿಕೆ, ರೋಹಿಣಿ, ಮಿರಗ ಎಂದು ಎಲ್ಲರೂ ಒಂದೇ ಲೆಕ್ಕ ಹಾಕುತ್ತಿದ್ದ ನಾಡು ಹೀಗೆ ಮೂರು ಹೋಳಾಗಿದೆ. "ರೋಹಿಣಿ ಮಳೆ ಆದ್ರ ಓಣಿ ತುಂಬ ಜ್ವಾಳ" ಎಂಬ ಗಾದೆ ಸಿಂಧನೂರಿನ ಭತ್ತದ ಮಡಿಯ ಮುಂದೆ ಹೇಳಿದರೆ ನಗುತ್ತಾರೆ. ಮೂರನ್ನೂ ಈಗ ಹೊಲಿಯುತ್ತಿರುವುದು ಕೂಲಿ. ಮಸ್ಕಿ, ಲಿಂಗಸುಗೂರಿನ ಒಣ ಊರುಗಳ ಹೆಣ್ಣುಮಕ್ಕಳು ಟಂಟಂ ಹತ್ತಿ ಸಿಂಧನೂರಿಗೆ ನಾಟಿ ಹಚ್ಚಲು ಹೋಗುತ್ತಾರೆ. ತಮ್ಮ ಸಜ್ಜೆಗೆ ಕಳೆ ತೆಗೆಯುವುದು, ಅಲ್ಲಿಯ ಭತ್ತ ನಾಟಿ ಮಾಡುವುದು ಒಟ್ಟಿಗೇ ಬಂದರೆ ತಮ್ಮದೇ ಹಿಂದೆ ಬೀಳುತ್ತದೆ.

ಗುಳೆಯ ಮಾತು ಆಡದೆ ಈ ತಿಂಗಳುಗಳ ಕತೆ ಪೂರ್ತಿಯಾಗುವುದಿಲ್ಲ. ಹಿಂಗಾರು ಮುಗಿದೊಡನೆ ಬೆಂಗಳೂರು, ಪುಣೆ, ಮುಂಬಯಿ. ಏಪ್ರಿಲ್‌ನಲ್ಲಿ ಓಣಿಗೆ ಓಣಿ ಬೀಗ. ಮುದುಕರು, ಶಾಲೆಯ ಮಕ್ಕಳು, ಕಟ್ಟಿದ ಆಡು. ಉದ್ಯೋಗ ಖಾತ್ರಿ 2006ರ ಫೆಬ್ರವರಿಯಲ್ಲಿ ಶುರುವಾದಾಗ ರಾಜ್ಯದ ಮೊದಲ ಐದು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಖಾತ್ರಿ ಕೆಲಸ ಸಿಕ್ಕ ಊರಲ್ಲಿ ಕೆರೆಯ ಹೂಳು, ಬದು, ಹೊಂಡ ಎಂದು ಬೇಸಿಗೆ ಕಳೆದವರುಂಟು. ಎಲ್ಲರಿಗೂ ಸಿಕ್ಕಿತು ಎನ್ನಲಾರೆ. ಏನೇ ಆಗಲಿ, ಮೇ ಮೂರನೆಯ ವಾರಕ್ಕೆ ಬೆಂಗಳೂರಿನಿಂದ ಬರುವ ರಾತ್ರಿ ಬಸ್ಸುಗಳ ನೆತ್ತಿಯ ಮೇಲೆ ಹಾಸಿಗೆ ಗಂಟು, ಸ್ಟೀಲಿನ ಕೊಡ, ಕೆಲವೊಮ್ಮೆ ಒಂದು ಕೂಲರು. ಬಂದವರು ಮೊದಲು ಮನೆಗೆ ಹೋಗುವುದಿಲ್ಲ. ಗಂಟು ಕಟ್ಟೆಯ ಮೇಲಿಟ್ಟು ಹೊಲಕ್ಕೆ ಹೋಗಿ ಒಂದು ಸುತ್ತು ನೋಡಿ ಬರುತ್ತಾರೆ. ಕರಿಕಿ ಎಷ್ಟು ಹಬ್ಬಿದೆ, ಬದು ಒಡೆದಿದೆಯೋ ಹೇಗೆ.

ಈಚೆಗೆ ಆ ಲೆಕ್ಕವೂ ತಪ್ಪುತ್ತಿದೆ. 2023ರಲ್ಲಿ ರಾಜ್ಯದ 223 ತಾಲೂಕು ಬರಪೀಡಿತ ಎಂದು ಘೋಷಣೆಯಾದವು. 2025ರಲ್ಲಿ ಮುಂಗಾರು ವಾಡಿಕೆಯ ಜೂನ್ 1 ಬಿಟ್ಟು ಮೇ 24ಕ್ಕೇ ಕೇರಳ ಮುಟ್ಟಿತು. ಮೇ ತಿಂಗಳಲ್ಲೇ ಮಳೆ ಬಂದಾಗ ಎಷ್ಟೋ ಜನರ ಗೊಬ್ಬರ ಇನ್ನೂ ತಿಪ್ಪೆಯಲ್ಲೇ ಇತ್ತು, ಮಾಳಿಗೆಗೆ ಮಣ್ಣು ಬಿದ್ದಿರಲಿಲ್ಲ. ಮಳೆ ಬೇಗ ಬಂದದ್ದಕ್ಕೆ ಪೇಪರಿನವರು ಸಂತಸ ಎಂದು ಬರೆದರು. ಬರೆದವರ ಮಾಳಿಗೆ ಆರ್‌ಸಿಸಿ ಇರಬೇಕು.

ಒಂದು ಬೆಳಗಿನ ಮಾತು ಹೇಳಿ ಕೂಡುತ್ತೇನೆ. ಎತ್ತು ಮಾರಿದ ಮರುವರ್ಷ ಇರಬೇಕು, ಟ್ರ್ಯಾಕ್ಟರನ್ನು ತಾಸಿನ ಲೆಕ್ಕಕ್ಕೆ ಬಾಡಿಗೆ ಹಿಡಿದಿದ್ದೆವು. ರೋಹಿಣಿ ಕೂಡಿ ನಾಲ್ಕು ದಿನಕ್ಕೆ ರಾತ್ರಿಯಿಡೀ ಗುಡುಗಿ ಒಂದು ಹದ ಮಳೆ ಹುಯ್ದಿತು. ಬೆಳಿಗ್ಗೆ ಎಲ್ಲರ ಹೊಲದಲ್ಲೂ ಬಿತ್ತಿಗೆಯ ಗದ್ದಲ. ಡ್ರೈವರ್ ಹುಡುಗ ನಮ್ಮ ಬದುವಿಗೂ ಗಾಡಿ ತಂದು ನಿಲ್ಲಿಸಿದ. ಅವ್ವ ಉಡಿಯಲ್ಲಿ ಸಜ್ಜೆ ಕಟ್ಟಿಕೊಂಡು ಬಂದಿದ್ದಳು. ಹೊಲದ ನಡುವೆ ಕೂತು, ಮೇಲಿನ ಹಸಿ ಮಣ್ಣು ಸರಿಸಿ, ಮೊಳಕೈ ತನಕ ಕೈ ಇಳಿಸಿದಳು. ಮುಷ್ಟಿ ಮಣ್ಣು ತೆಗೆದು ಹಿಚುಕಿ, ಕೈ ಬಿಚ್ಚಿದಳು. ಉಂಡೆ ನಿಲ್ಲಲಿಲ್ಲ. ಮಣ್ಣನ್ನು ಕೆನ್ನೆಗೆ ಹಚ್ಚಿ ನೋಡಿದಳು.

"ತಳದಾಗ ಇನ್ನ ಸುಡಾಕ ಹತ್ತೈತಿ. ಇನ್ನೊಂದು ಮಳಿ ಆಗಬೇಕು."

"ಯಮ್ಮಾ, ನಾಳೆ ಕೇಳಿದ್ರ ಗಾಡಿ ಸಿಗಂಗಿಲ್ಲ ನೋಡು" ಅಂದ ಹುಡುಗ.

"ಇವತ್ತಿಂದು ಒಂದು ತಾಸಿನ ರೊಕ್ಕ ತಗೊಂಡು ಹೋಗಪಾ. ಬೀಜ ಮಾತ್ರ ಕೊಡಂಗಿಲ್ಲ."

ಅವನು ಗೊಣಗುತ್ತ ಗಾಡಿ ತಿರುಗಿಸಿದ. ಅವ್ವ ಉಡಿಯ ಗಂಟು ಬಿಚ್ಚಿ, ಕಾಳನ್ನು ಮತ್ತೆ ಬುಟ್ಟಿಗೆ ಸುರಿದು, ಕೆಳಗೆ ಬಿದ್ದವನ್ನು ಒಂದೊಂದಾಗಿ ಆರಿಸತೊಡಗಿದಳು.